ಶ್ವಾಸಕೋಶದ ಫೈಬ್ರೋಸಿಸ್: ಮುಂದಿನ ದಾರಿ ತಿಳಿಯಲು ಯಾವ ರಕ್ತ ಪರೀಕ್ಷೆ?

ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುವ ಕಾಯಿಲೆ ಇದೆ ಎಂದು ಗೊತ್ತಾದ ಮನೆಯಲ್ಲಿ ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ ಕೊರೆಯುತ್ತಿರುತ್ತದೆ: ಇದು ಎಷ್ಟು ಬೇಗ ಜಾಸ್ತಿ ಆಗುತ್ತದೆ? ಕೆಲವರಲ್ಲಿ ವರ್ಷಗಟ್ಟಲೆ ಹೆಚ್ಚು ಬದಲಾವಣೆ ಇರುವುದಿಲ್ಲ. ಕೆಲವರಲ್ಲಿ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಇನ್ನು ಕೆಲವರು ಚೆನ್ನಾಗಿಯೇ ಓಡಾಡಿಕೊಂಡಿದ್ದವರು ಒಂದೇ ವಾರದಲ್ಲಿ ಆಕ್ಸಿಜನ್ ಇಲ್ಲದೆ ಏಳಲಾಗದ ಸ್ಥಿತಿಗೆ ಬರುತ್ತಾರೆ. ಹೊಸ ಔಷಧಿಗಳು ಬರುವ ಮುಂಚೆ ಐಪಿಎಫ್, ಅಂದರೆ ಕಾರಣ ತಿಳಿಯದ ಫೈಬ್ರೋಸಿಸ್ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ರೋಗ ಗುರುತಿಸಿದ 3ರಿಂದ 5 ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಆದರೆ ನಮ್ಮ ಮುಂದೆ ಕೂತಿರುವ ಒಬ್ಬರ ಬಗ್ಗೆ ಆ ಲೆಕ್ಕ ಏನನ್ನೂ ಹೇಳುವುದಿಲ್ಲ.

ಹಾಗಾಗಿಯೇ ರಕ್ತದ ಮಾರ್ಕರ್‌ಗಳ, ಅಂದರೆ ಕಾಯಿಲೆಯ ಸುಳಿವು ಕೊಡುವ ಅಂಶಗಳ ಕಡೆ ಆಸೆ ಹುಟ್ಟುವುದು. ಎದೆಯ ಸಿ.ಟಿ. ಸ್ಕ್ಯಾನ್ ಪದೇ ಪದೇ ಮಾಡಿಸಲಾಗದು, ಬಯಾಪ್ಸಿ ಅಪಾಯ, ಉಸಿರಿನ ಪರೀಕ್ಷೆಗೆ ಕೂತರೆ ಕೆಮ್ಮು ಬಿಡುವುದಿಲ್ಲ. ಒಂದು ಸಿರಿಂಜ್ ರಕ್ತದಲ್ಲಿ ಉತ್ತರ ಸಿಕ್ಕರೆ ಎಷ್ಟು ಚೆನ್ನ ಅಲ್ವಾ? ಹುಡುಕಿದರೆ ಹೆಸರುಗಳ ಸಾಲೇ ಸಿಗುತ್ತದೆ: ಕೆಎಲ್-6, ಎಸ್‌ಪಿ-ಡಿ, ಎಂಎಂಪಿ-7, ಸಿಎ-125, ಟೆಲೊಮಿಯರ್. ಎಲ್ಲದರ ಹಿಂದೆಯೂ ಸಂಶೋಧನೆ ಇದೆ. ಆದರೆ ಎಲ್ಲವೂ ಎಲ್ಲರಿಗೂ ಬೇಕಿಲ್ಲ. ಕೆಲವು ಈಗಾಗಲೇ ನಿಮ್ಮ ಫೈಲಿನಲ್ಲಿ ಇರಬಹುದು.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದದ್ದು

ಮೊದಲ ಪ್ರಶ್ನೆಯೇ ದೊಡ್ಡದು: ಉತ್ತರ ಬಂದರೆ ಏನು ಬದಲಾಗುತ್ತದೆ? ಔಷಧಿ ಬೇಗ ಶುರು ಮಾಡುವುದು, ಒಂದು ಔಷಧಿ ಬೇಡ ಅನ್ನುವುದು, ಶ್ವಾಸಕೋಶದ ಕಸಿಗೆ ಹೆಸರು ಬರೆಸುವುದು, ಮುಂದಿನ ಭೇಟಿಯನ್ನು ಆರು ತಿಂಗಳ ಬದಲು ಮೂರು ತಿಂಗಳಿಗೆ ತರುವುದು, ಇವುಗಳಲ್ಲಿ ಒಂದಾದರೂ ಆ ಸಂಖ್ಯೆಯ ಮೇಲೆ ನಿಂತಿರಬೇಕು. ಇಲ್ಲದಿದ್ದರೆ ಬರುವುದು ಭಯ ಮಾತ್ರ.

ಎರಡನೆಯದು, ಈಗಾಗಲೇ ಗೊತ್ತಿರುವುದಕ್ಕೆ ಅದು ಏನನ್ನು ಸೇರಿಸುತ್ತದೆ? ನಮ್ಮ ಕೈಯಲ್ಲಿ ಆಗಲೇ ಒಂದು ಒಳ್ಳೆಯ ಅಳತೆಗೋಲು ಇದೆ. 2012ರಲ್ಲಿ ಪ್ರಕಟವಾದ 'ಗ್ಯಾಪ್' ಲೆಕ್ಕ ಅದು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಜೊತೆಗೆ ಉಸಿರಿನ ಎರಡು ಅಳತೆಗಳು, ಇಷ್ಟೇ ಸಾಕು. ಮೊದಲ ಅಳತೆ ಎಫ್‌ವಿಸಿ: ಪೂರ್ತಿ ಉಸಿರೆಳೆದು ಜೋರಾಗಿ ಹೊರಗೆ ಊದುವ ಒಟ್ಟು ಗಾಳಿ. ಎರಡನೆಯದು ಡಿಎಲ್‌ಸಿಒ: ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಚೆನ್ನಾಗಿ ದಾಟುತ್ತದೆ ಎಂಬುದು.

68 ವರ್ಷದ ಒಬ್ಬ ಗಂಡಸಿಗೆ, ಅಂಥ ಆರೋಗ್ಯವಂತರಲ್ಲಿ ಇರಬೇಕಾದದ್ದಕ್ಕೆ ಹೋಲಿಸಿದರೆ, ಎಫ್‌ವಿಸಿ 70%, ಡಿಎಲ್‌ಸಿಒ 45% ಇದೆ ಅಂದುಕೊಳ್ಳಿ. ಗಂಡಸಾದ್ದರಿಂದ 1 ಅಂಕ, 65 ದಾಟಿದ್ದಕ್ಕೆ 2, ಎಫ್‌ವಿಸಿ 50ರಿಂದ 75ರ ನಡುವೆ ಇರುವುದಕ್ಕೆ 1, ಡಿಎಲ್‌ಸಿಒ 36ರಿಂದ 55ರ ನಡುವೆ ಇರುವುದಕ್ಕೆ 1. ಒಟ್ಟು 5. 0ರಿಂದ 3 ಅಂಕ ಮೊದಲ ಹಂತ, 4 ಮತ್ತು 5 ಎರಡನೆಯದು, 6ರಿಂದ 8 ಮೂರನೆಯದು. ಆ ಅಧ್ಯಯನದಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರ ಪ್ರಮಾಣ ಮೂರು ಹಂತಗಳಲ್ಲಿ ಕ್ರಮವಾಗಿ 5.6%, 16.2% ಮತ್ತು 39.2%. ಇವು ಈಗಿನ ಔಷಧಿಗಳು ಬಳಕೆಗೆ ಬರುವ ಮುಂಚಿನ ಅಂಕಿಗಳು ಎಂಬುದನ್ನು ಮರೆಯಬೇಡಿ. ಯಾವುದೇ ರಕ್ತ ಪರೀಕ್ಷೆ ಇದಕ್ಕಿಂತ ಹೆಚ್ಚಿನದೇನನ್ನಾದರೂ ಹೇಳಿದರೆ ಮಾತ್ರ ಅದಕ್ಕೆ ಬೆಲೆ.

ಮೂರನೆಯದು, ಬೇರೆ ಲ್ಯಾಬ್‌ನಲ್ಲಿ ಮಾಡಿಸಿದರೂ ಅದೇ ಸಂಖ್ಯೆ ಬರುತ್ತದೆಯೇ? ನಾಲ್ಕನೆಯದು, ಶ್ವಾಸಕೋಶ ಬಿಟ್ಟು ಇನ್ಯಾವುದರಿಂದ ಅದು ಏರಬಹುದು? ಕೊನೆಯದು, ಖರ್ಚು. ಇಲ್ಲಿ ಒಂದು ಸಲದ ಖರ್ಚು ನೋಡಿದರೆ ಸಾಲದು. ಒಂದೇ ಸಲ ಮಾಡಿಸಿದರೆ ಸಾಕಾಗುವ ದುಬಾರಿ ಪರೀಕ್ಷೆ, ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ಅಗ್ಗದ ಪರೀಕ್ಷೆಗಿಂತ ಕೊನೆಗೆ ಕಡಿಮೆಯೇ ಆಗಬಹುದು.

ಹಳೆಯ ಫೈಲಿನಲ್ಲೇ ಇರುವ ಸಂಖ್ಯೆ: ಸಿಬಿಸಿ

ಹೊಸದೇನನ್ನೂ ಮಾಡಿಸುವ ಮುಂಚೆ ಹಳೆಯ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟ್ ತೆಗೆಯಿರಿ. ಬಿಳಿ ರಕ್ತಕಣಗಳಲ್ಲಿ ಮಾನೊಸೈಟ್ ಎಂಬ ಒಂದು ಬಗೆ ಇದೆ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಮಾನೊಸೈಟ್ ಎಣಿಕೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 950 ಅಥವಾ ಅದಕ್ಕಿಂತ ಜಾಸ್ತಿ ಇದ್ದ ಐಪಿಎಫ್ ರೋಗಿಗಳಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಆಮೇಲೆ ಔಷಧಿ ಪ್ರಯೋಗಗಳಲ್ಲಿ ಭಾಗವಹಿಸಿದವರ ಮಾಹಿತಿಯನ್ನು ಒಟ್ಟು ಮಾಡಿ ನೋಡಿದಾಗಲೂ ಇದೇ ದಿಕ್ಕಿನ ಫಲ ಬಂತು.

ಅನೇಕ ರಿಪೋರ್ಟ್‌ಗಳಲ್ಲಿ ಈ ಎಣಿಕೆ ನೇರವಾಗಿ ಇರುವುದಿಲ್ಲ, ಶೇಕಡಾವಾರು ಮಾತ್ರ ಇರುತ್ತದೆ. ಆಗ ನೀವೇ ಲೆಕ್ಕ ಹಾಕಿಕೊಳ್ಳಬಹುದು. ಒಟ್ಟು ಬಿಳಿ ಕಣ 8,200, ಮಾನೊಸೈಟ್ 12% ಎಂದಿದ್ದರೆ 8,200ರಲ್ಲಿ ನೂರಕ್ಕೆ 12, ಅಂದರೆ 984. ಗೆರೆ ದಾಟಿದೆ. ಅದೇ 12% ಇದ್ದು ಒಟ್ಟು ಕಣ 5,500 ಇದ್ದರೆ 660 ಮಾತ್ರ. ಶೇಕಡಾ ಒಂದೇ, ಅರ್ಥ ಬೇರೆ. ಕೆಲವು ರಿಪೋರ್ಟ್‌ಗಳಲ್ಲಿ 0.98 ಎಂದು ಇರುತ್ತದೆ. ಅದೂ ಆ 984ರಷ್ಟೇ, ಒಂದು ಲೀಟರಿಗೆ ಎಷ್ಟು ನೂರು ಕೋಟಿ ಕಣ ಎಂಬ ಲೆಕ್ಕದಲ್ಲಿ ಬರೆದದ್ದು.

ಇದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಮೊನ್ನೆ ಜ್ವರ ಬಂದಿತ್ತು, ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆ ಅಂದರೆ ಎಣಿಕೆ ಏರುಪೇರಾಗುತ್ತದೆ. ಒಂದು ಸಲ 984 ಬಂದ ಮಾತ್ರಕ್ಕೆ ಏನೂ ತೀರ್ಮಾನ ಆಗುವುದಿಲ್ಲ. ಮೈ ಹುಷಾರಾಗಿದ್ದಾಗ ತೆಗೆದ ಎರಡು ಮೂರು ರಿಪೋರ್ಟ್‌ಗಳಲ್ಲೂ ಅದೇ ಎತ್ತರದಲ್ಲಿದ್ದರೆ ಡಾಕ್ಟರ್ ಮುಂದೆ ಇಡುವಂಥ ವಿಷಯ. ಅದೇ ಹಾಳೆಯಲ್ಲಿರುವ ಆರ್‌ಡಿಡಬ್ಲ್ಯು, ಅಂದರೆ ಕೆಂಪು ಕಣಗಳ ಗಾತ್ರದ ಏರುಪೇರು, 15 ದಾಟಿದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ ಎಂದು ಅಧ್ಯಯನಗಳು ತೋರಿಸಿವೆ. ಆದರೆ ಕಬ್ಬಿಣದ ಕೊರತೆ ಇದ್ದರೂ ಅದು ಏರುತ್ತದೆ. ಮೊದಲು ಅದನ್ನು ನೋಡಿಸಿಕೊಳ್ಳಿ.

ಬಿಗಿ ಬಜೆಟ್ ಇರುವವರಿಗೆ ನನ್ನ ಮೊದಲ ಆಯ್ಕೆ ಇದೇ. ಔಷಧಿಯ ಅಡ್ಡಪರಿಣಾಮ ನೋಡಲು ಹೇಗೂ ರಕ್ತ ಕೊಡುತ್ತಿರುತ್ತೀರಿ, ಜೊತೆಗೆ ಸಿಬಿಸಿ ಸೇರಿಸಿದರೆ ಆಯಿತು.

ಕೆಎಲ್-6 ಮತ್ತು ಅದರ ಬಳಗ

ಶ್ವಾಸಕೋಶದ ಗಾಳಿಗೂಡುಗಳ ಒಳಗೋಡೆಯ ಕಣಗಳಿಗೆ ಪೆಟ್ಟು ಬಿದ್ದು ಅವು ಮತ್ತೆ ಬೆಳೆಯುವಾಗ ಕೆಎಲ್-6 ಎಂಬ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಇದನ್ನು 1980ರ ದಶಕದಲ್ಲಿ ಗುರುತಿಸಿದ್ದು ಜಪಾನಿನ ಸಂಶೋಧಕರು. ಅಲ್ಲಿ ಇದು ದಶಕಗಳಿಂದ ದಿನನಿತ್ಯದ ಪರೀಕ್ಷೆ. ಬಹಳಷ್ಟು ಬೇರೆ ದೇಶಗಳಲ್ಲಿ ಇನ್ನೂ ಸುಲಭವಾಗಿ ಸಿಗುವುದಿಲ್ಲ. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 500 ಯೂನಿಟ್‌ವರೆಗೆ ಸಹಜ ಎನ್ನುತ್ತಾರೆ. 1,000 ದಾಟಿದ ಐಪಿಎಫ್ ರೋಗಿಗಳಲ್ಲಿ ಮುಂದಿನ ದಾರಿ ಕಷ್ಟದ್ದಾಗಿತ್ತು ಎಂದು ಜಪಾನಿನ ಅಧ್ಯಯನವೊಂದು ತೋರಿಸಿತ್ತು.

ಆದರೆ ಒಬ್ಬರ 1,000ವನ್ನೂ ಇನ್ನೊಬ್ಬರ 1,000ವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎಂಯುಸಿ1 ಎಂಬ ಜೀನ್‌ನಲ್ಲಿರುವ ಸಣ್ಣ ವ್ಯತ್ಯಾಸದಿಂದಾಗಿ ಕೆಲವರಲ್ಲಿ ಕೆಎಲ್-6 ಹುಟ್ಟಾ ಮೇಲೆಯೇ ಇರುತ್ತದೆ, ಕೆಲವರಲ್ಲಿ ಕೆಳಗೆ. ಸ್ತನ, ಮೇದೋಜೀರಕ ಗ್ರಂಥಿ ಮತ್ತು ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಲ್ಲೂ ಇದು ಏರುತ್ತದೆ. ಹಾಗಾಗಿ ಕೆಎಲ್-6 ಮಾಡಿಸುವುದಾದರೆ ನಿಮ್ಮ ಹೋಲಿಕೆ ನಿಮ್ಮ ಜೊತೆಗೇ ಇರಲಿ: ಮೊದಲ ಸಲ ಬಂದದ್ದೆಷ್ಟು, ಆರು ತಿಂಗಳಾದ ಮೇಲೆ ಎಷ್ಟು. ಅದೂ ಒಂದೇ ಲ್ಯಾಬ್‌ನಲ್ಲಿ. ಮಧ್ಯೆ ಲ್ಯಾಬ್ ಬದಲಿಸಿದರೆ ಆ ಏರಿಕೆ ಕಾಯಿಲೆಯದ್ದೋ ಕಿಟ್‌ನದ್ದೋ ಹೇಳುವುದು ಕಷ್ಟ.

ನನ್ನ ಮಟ್ಟಿಗೆ ಕೆಎಲ್-6 ಹೆಚ್ಚು ಕೆಲಸಕ್ಕೆ ಬರುವುದು ಚರ್ಮ ಬಿಗಿಯಾಗುವ ಸ್ಕ್ಲೀರೋಡರ್ಮಾದಂಥ ಕಾಯಿಲೆಯಿಂದ ಶ್ವಾಸಕೋಶ ಗಟ್ಟಿಯಾಗುತ್ತಿರುವವರಿಗೆ. ಅಲ್ಲಿ ಸಂಧಿವಾತ ತಜ್ಞರು ಚಿಕಿತ್ಸೆಯನ್ನು ಏರಿಸುವುದು ಇಳಿಸುವುದು ಮಾಡುತ್ತಲೇ ಇರುತ್ತಾರೆ, ಅಂದರೆ ಸಂಖ್ಯೆಯನ್ನು ನೋಡಿ ಮಾಡುವಂಥ ಕೆಲಸವೊಂದು ಇದೆ.

ಎಸ್‌ಪಿ-ಎ ಮತ್ತು ಎಸ್‌ಪಿ-ಡಿ ಕೂಡ ಇದೇ ಬಳಗದವು. ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಕಾಯುವ ದ್ರವದಲ್ಲಿರುವ ಪ್ರೋಟೀನ್‌ಗಳು. ಇವು ಹೆಚ್ಚಿದ್ದವರಲ್ಲಿ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಕೆಎಲ್-6 ಆಗಲೇ ಮಾಡಿಸುತ್ತಿದ್ದರೆ ಇವನ್ನೂ ಸೇರಿಸಿ ಖರ್ಚು ಏರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಅಮೆರಿಕ, ಯುರೋಪ್, ಜಪಾನ್ ಮತ್ತು ಲ್ಯಾಟಿನ್ ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು 2018ರಲ್ಲಿ ಸೇರಿ ಹೊರತಂದ ಮಾರ್ಗಸೂಚಿ ಎಂಎಂಪಿ-7, ಎಸ್‌ಪಿ-ಡಿ, ಸಿಸಿಎಲ್-18, ಕೆಎಲ್-6 ಪರೀಕ್ಷೆಗಳನ್ನು ಮಾಡಿಸಬೇಡಿ ಎಂದು ಗಟ್ಟಿಯಾಗಿ ಹೇಳಿತು. ಅದನ್ನು ಓದಿದವರು "ಹಾಗಾದರೆ ಇವೆಲ್ಲ ಸುಳ್ಳಾ?" ಎಂದು ಕೇಳುತ್ತಾರೆ. ಅಲ್ಲ. ಆ ಮಾತು ರೋಗ ಗುರುತಿಸುವುದಕ್ಕೆ ಸಂಬಂಧಿಸಿದ್ದು. ಐಪಿಎಫ್ ಹೌದೋ, ಬೇರೆ ಬಗೆಯ ಫೈಬ್ರೋಸಿಸ್ಸೋ ಎಂದು ಈ ಸಂಖ್ಯೆಗಳನ್ನು ನೋಡಿ ತೀರ್ಮಾನಿಸಬೇಡಿ ಎಂದಷ್ಟೇ ಅದರ ಅರ್ಥ. ಮುಂದೆ ಏನಾಗಬಹುದು ಎಂದು ಅಂದಾಜು ಮಾಡುವುದು ಬೇರೆ ವಿಷಯ.

ಎಂಎಂಪಿ-7: ಹೆಸರು ದೊಡ್ಡದು, ಕೈಗೆ ಸಿಗುವುದು ಕಡಿಮೆ

ಸಂಶೋಧನೆಯ ಗಟ್ಟಿತನವೊಂದನ್ನೇ ನೋಡಿ ಅಂಕ ಕೊಡುವುದಾದರೆ ಎಂಎಂಪಿ-7 ಎಂಬ ಪ್ರೋಟೀನ್ ಮುಂಚೂಣಿಯಲ್ಲಿದೆ. 2008ರಿಂದಲೂ ಇದರ ಮೇಲೆ ಕೆಲಸ ನಡೆದಿದೆ. ಬೇರೆ ಬೇರೆ ಅಧ್ಯಯನಗಳ ರೋಗಿಗಳ ಮಾಹಿತಿ ಸೇರಿಸಿ ನೋಡಿದಾಗಲೂ ಆರಂಭದಲ್ಲಿ ಇದು ಜಾಸ್ತಿ ಇದ್ದವರಲ್ಲಿ ರೋಗ ಬೇಗ ಮುಂದುವರಿದಿದೆ. ತೊಂದರೆ ಇರುವುದು ಲ್ಯಾಬ್‌ನ ಬೆಂಚಿನ ಮೇಲೆ. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ತೆಗೆದ ಸೀರಂನಲ್ಲಿ ಒಂದು ಸಂಖ್ಯೆ, ಹೆಪ್ಪುಗಟ್ಟದಂತೆ ತಡೆದು ತೆಗೆದ ಪ್ಲಾಸ್ಮಾದಲ್ಲಿ ಇನ್ನೊಂದು. ಕಿಟ್ ಬದಲಾದರೆ ಮತ್ತೊಂದು. ಇಷ್ಟರ ಮೇಲೆ ಅಪಾಯ ಎಂದು ಎಲ್ಲರೂ ಒಪ್ಪಿದ ಗೆರೆ ಇಲ್ಲ. ಹೀಗಿರುವಾಗ ದುಡ್ಡು ಕೊಟ್ಟು ಒಂದು ಸಂಖ್ಯೆ ತಂದರೆ ಅದನ್ನು ಯಾವುದರ ಪಕ್ಕ ಇಟ್ಟು ನೋಡುವುದು? ಸಂಶೋಧನೆಯ ಭಾಗವಾಗಿ ಯಾರಾದರೂ ಕೇಳಿದರೆ ಖಂಡಿತ ರಕ್ತ ಕೊಡಿ. ಸ್ವಂತ ಖರ್ಚಿನಲ್ಲಿ ಈಗ ಬೇಡ ಅನ್ನುತ್ತೇನೆ. ಸಿಸಿಎಲ್-18 ಎಂಬ ಇನ್ನೊಂದು ಪ್ರೋಟೀನ್‌ಗೂ, 52 ಜೀನ್‌ಗಳ ಚಟುವಟಿಕೆ ನೋಡುವ ರಕ್ತ ಪರೀಕ್ಷೆಗೂ ಇದೇ ಮಾತು.

ಸಿಎ-125: ಕ್ಯಾನ್ಸರ್ ಪರೀಕ್ಷೆ ಇಲ್ಲಿಗೆ ಬಂದದ್ದು ಹೇಗೆ

ಇದನ್ನು ಅಂಡಾಶಯದ ಕ್ಯಾನ್ಸರ್‌ಗೆ ಮಾಡಿಸುತ್ತಾರೆ ಎಂದೇ ಹೆಚ್ಚಿನವರಿಗೆ ಗೊತ್ತು. ಬ್ರಿಟನ್ನಿನ ಪ್ರೊಫೈಲ್ ಎಂಬ ಅಧ್ಯಯನ 2017ರಲ್ಲಿ ಬೇರೆಯೇ ವಿಷಯ ತಿಳಿಸಿತು. ಫೈಬ್ರೋಸಿಸ್ ಇದ್ದವರಲ್ಲಿ ಸಿಎ-125 ಮೂರು ತಿಂಗಳಲ್ಲಿ ಏರುತ್ತಾ ಹೋದರೆ ಸಾವಿನ ಅಪಾಯ ಹೆಚ್ಚು. ಗಂಡಸರಲ್ಲೂ ಅಷ್ಟೇ. ಗಾಯಗೊಂಡ ಶ್ವಾಸನಾಳದ ಒಳಪದರದ ಕಣಗಳೇ ಇದನ್ನು ತಯಾರಿಸುತ್ತವೆ.

ಈ ಪರೀಕ್ಷೆ ನನಗೆ ಇಷ್ಟವಾಗಲು ಕಾರಣ ಎರಡು. ಸಾಧಾರಣ ದೊಡ್ಡ ಲ್ಯಾಬ್‌ಗಳಲ್ಲೆಲ್ಲ ಸಿಗುತ್ತದೆ, ಮತ್ತು ಕಾಯಿಲೆಯ ಓಟವನ್ನು ತೋರಿಸುತ್ತದೆ. ಗಾಡಿ ಎಲ್ಲಿ ನಿಂತಿದೆ ಎಂಬುದಕ್ಕಿಂತ ಎಷ್ಟು ವೇಗದಲ್ಲಿದೆ ಎಂದು ತಿಳಿಯುವುದು ಹೆಚ್ಚು ಮುಖ್ಯ ಅಲ್ವಾ? ಹಾಗಾಗಿ ಒಂದೇ ಸಲ ಮಾಡಿಸಿ ಸುಮ್ನೆ ಬಿಡುವುದರಿಂದ ಲಾಭವಿಲ್ಲ. ಈಗೊಮ್ಮೆ, ಮೂರು ತಿಂಗಳಿಗೊಮ್ಮೆ.

ಆದರೆ ಮನೆಯಲ್ಲಿ ಮೊದಲೇ ಹೇಳಿಟ್ಟುಕೊಳ್ಳಿ. ರಿಪೋರ್ಟ್‌ನಲ್ಲಿ ಸಹಜ ಮಿತಿ 35 ಎಂದು ಅಚ್ಚಾಗಿರುತ್ತದೆ. ನಿಮ್ಮದು 60 ಬಂದರೆ ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೆಚ್ಚು' ಎಂದು ಇರುತ್ತದೆ. ಅದನ್ನು ಫೋನಿನಲ್ಲಿ ನೋಡಿದ ಮಗಳು ರಾತ್ರಿಯಿಡೀ ಕ್ಯಾನ್ಸರ್ ಬಗ್ಗೆ ಓದುತ್ತಾ ಕೂರುತ್ತಾಳೆ. ಹೃದಯದ ವೈಫಲ್ಯದಿಂದ ಮೈಯಲ್ಲಿ ನೀರು ತುಂಬಿಕೊಂಡಾಗ, ಲಿವರ್ ತೊಂದರೆಯಿಂದ ಹೊಟ್ಟೆಯಲ್ಲಿ ನೀರು ಸೇರಿದಾಗ, ಹೆಂಗಸರಲ್ಲಿ ಮುಟ್ಟಿನ ಸಮಯದಲ್ಲೂ ಇದು ಏರುತ್ತದೆ. ಡಾಕ್ಟರ್ ಈ ಪರೀಕ್ಷೆಯನ್ನು ಯಾಕೆ ಬರೆದುಕೊಟ್ಟರು ಎಂಬುದು ಮನೆಯವರೆಲ್ಲರಿಗೂ ಗೊತ್ತಿರಲಿ.

ಟೆಲೊಮಿಯರ್: ಒಂದೇ ಸಲ, ಆದರೆ ಯೋಚಿಸಿ

ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ಗಂಟು ಹಾಕುತ್ತೇವಲ್ಲ, ಕ್ರೋಮೋಸೋಮ್‌ಗಳ ತುದಿಯಲ್ಲಿರುವ ಟೆಲೊಮಿಯರ್ ಅಂಥದ್ದು. ವಯಸ್ಸಾದಂತೆ ಎಲ್ಲರಲ್ಲೂ ಸವೆಯುತ್ತದೆ. ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಗಿಡ್ಡ. ಅಂಥವರಿಗೆ ಫೈಬ್ರೋಸಿಸ್ ಬರುವ ಅಪಾಯವೂ ಹೆಚ್ಚು, ಬಂದ ಮೇಲೆ ಬೇಗ ಮುಂದುವರಿಯುವ ಅಪಾಯವೂ ಹೆಚ್ಚು.

ನನ್ನ ಮೊದಲ ಪ್ರಶ್ನೆಗೆ, ಅಂದರೆ ಉತ್ತರ ಬಂದರೆ ಏನು ಬದಲಾಗುತ್ತದೆ ಎಂಬುದಕ್ಕೆ, ಅತ್ಯಂತ ನೇರವಾದ ಉತ್ತರ ಕೊಡುವ ಪರೀಕ್ಷೆ ಇದು. ಹಿಂದೆ ಐಪಿಎಫ್‌ಗೆ ಪ್ರೆಡ್ನಿಸೋನ್, ಅಜಥಯೋಪ್ರಿನ್ ಮತ್ತು ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮೂರನ್ನೂ ಸೇರಿಸಿ ಕೊಡುತ್ತಿದ್ದರು. ಪ್ಯಾಂಥರ್ ಎಂಬ ಪ್ರಯೋಗದಲ್ಲಿ ಇದನ್ನು ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: ಮೂರು ಔಷಧಿ ತೆಗೆದುಕೊಂಡ 77 ಜನರಲ್ಲಿ 8 ಸಾವು, ಔಷಧಿಯಿಲ್ಲದ ಹುಸಿ ಮಾತ್ರೆ ತೆಗೆದುಕೊಂಡ 78 ಜನರಲ್ಲಿ 1. ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆಮೇಲೆ ಅದೇ ರೋಗಿಗಳ ಟೆಲೊಮಿಯರ್ ನೋಡಿದಾಗ, ರೋಗನಿರೋಧಕ ಶಕ್ತಿ ತಗ್ಗಿಸುವ ಆ ಚಿಕಿತ್ಸೆಯಿಂದ ಹಾನಿಯಾದದ್ದು ಮುಖ್ಯವಾಗಿ ಗಿಡ್ಡ ಟೆಲೊಮಿಯರ್ ಇದ್ದವರಿಗೆ ಎಂದು ಗೊತ್ತಾಯಿತು. ವಯಸ್ಸಿಗೆ ಹೋಲಿಸಿದರೆ ಅತ್ಯಂತ ಗಿಡ್ಡ ಇರುವ 10% ಜನರ ಸಾಲಿಗೆ ಸೇರುವವರು ಅವರು. ಶ್ವಾಸಕೋಶದ ಕಸಿ ಮಾಡಿಸುವಾಗಲೂ ಇದು ಬೇಕಾಗುವ ಮಾಹಿತಿ. ಅಂಥವರ ಅಸ್ಥಿಮಜ್ಜೆ ಕಸಿಯ ಔಷಧಿಗಳನ್ನು ಸುಲಭವಾಗಿ ತಡೆದುಕೊಳ್ಳುವುದಿಲ್ಲ, ರಕ್ತಕಣಗಳ ಸಂಖ್ಯೆ ಕುಸಿಯುತ್ತದೆ.

ಯಾರಿಗೆ ಕೇಳಬಹುದು? ಮನೆಯಲ್ಲಿ ಇನ್ನೊಬ್ಬರಿಗೂ ಫೈಬ್ರೋಸಿಸ್ ಇದ್ದರೆ, ಮೂವತ್ತರ ಒಳಗೇ ತಲೆಗೂದಲು ನರೆತಿದ್ದರೆ, ಕಾರಣ ತಿಳಿಯದೆ ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಅಥವಾ ಲಿವರ್ ಹಾಳಾಗಿದ್ದರೆ, ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದಿದ್ದರೆ. ಫ್ಲೋ-ಫಿಶ್ ಎಂಬ ವಿಧಾನದಿಂದ ಅಳೆದರೆ ಹೆಚ್ಚು ನಂಬಬಹುದು. ಅದನ್ನು ಮಾಡುವ ಲ್ಯಾಬ್‌ಗಳು ಕಡಿಮೆ, ಖರ್ಚು ಜಾಸ್ತಿ. ಮತ್ತೆ ಮತ್ತೆ ಮಾಡಿಸಬೇಕಾಗಿಲ್ಲ ಎಂಬುದೊಂದು ಸಮಾಧಾನ. ಒಂದು ಎಚ್ಚರಿಕೆ: ಇದರ ಉತ್ತರ ರೋಗಿಯೊಬ್ಬರಿಗೆ ಸೇರಿದ್ದಲ್ಲ, ಮಕ್ಕಳಿಗೂ ಒಡಹುಟ್ಟಿದವರಿಗೂ ಸೇರಿದ್ದು. ರಕ್ತ ಕೊಡುವ ಮುಂಚೆ ಅವರ ಜೊತೆ ಮಾತಾಡಿ. ತಿಳಿಯಬೇಕು ಅನ್ನುವವರೂ ಇರುತ್ತಾರೆ, ಬೇಡ ಅನ್ನುವವರೂ ಇರುತ್ತಾರೆ.

ಇದರ ಪಕ್ಕದಲ್ಲೇ ಎಂಯುಸಿ5ಬಿ ಎಂಬ ಜೀನ್ ಪರೀಕ್ಷೆಯ ಹೆಸರೂ ಕೇಳಿಬರುತ್ತದೆ. ಇದರ ಕಥೆ ವಿಚಿತ್ರ. ಈ ಜೀನ್‌ನ ಒಂದು ಬದಲಾವಣೆ ಇದ್ದವರಿಗೆ ಐಪಿಎಫ್ ಬರುವ ಸಾಧ್ಯತೆ ಹೆಚ್ಚು ಎಂದು 2011ರಲ್ಲಿ ಗೊತ್ತಾಯಿತು. 2013ರಲ್ಲಿ ನೋಡಿದರೆ, ಐಪಿಎಫ್ ಬಂದವರಲ್ಲಿ ಆ ಬದಲಾವಣೆ ಇದ್ದವರೇ ಹೆಚ್ಚು ಕಾಲ ಬದುಕಿದ್ದರು. ಚಿಕಿತ್ಸೆಯಲ್ಲಿ ಇದರಿಂದ ಏನೂ ಬದಲಾಗದು. ನಾನಾದರೆ ಮಾಡಿಸುವುದಿಲ್ಲ.

ಹೃದಯದ ಕಡೆಯಿಂದ ಒಂದು ಸುಳಿವು

ಎನ್‌ಟಿ-ಪ್ರೊಬಿಎನ್‌ಪಿ ಫೈಬ್ರೋಸಿಸ್‌ನ ಮಾರ್ಕರ್ ಅಲ್ಲ. ಹೃದಯದ ಮೇಲೆ ಒತ್ತಡ ಬಿದ್ದಾಗ ಏರುವಂಥದ್ದು. ಉಸಿರಿನ ಅಳತೆ ಅಷ್ಟೇನೂ ಇಳಿಯದೆ ಏದುಸಿರು ಮಾತ್ರ ಜಾಸ್ತಿ ಆಗುತ್ತಿದ್ದರೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿರಬಹುದು. ಈ ಪರೀಕ್ಷೆ ಹೆಚ್ಚು ಬಂದರೆ ಮುಂದಿನ ಹೆಜ್ಜೆ ಹೃದಯದ ಎಕೋ. ಒತ್ತಡ ಇದೆ ಎಂದು ಖಚಿತವಾದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ಕಿಡ್ನಿ ತೊಂದರೆ ಇದ್ದವರಲ್ಲೂ ವಯಸ್ಸಾದವರಲ್ಲೂ ಇದು ಹೇಗೂ ಸ್ವಲ್ಪ ಮೇಲಿರುತ್ತದೆ.

ಹಾಗಾದರೆ ನಿಮಗೆ ಯಾವುದು?

ಈಗಷ್ಟೇ ಐಪಿಎಫ್ ಎಂದು ಗೊತ್ತಾಗಿದೆ, ಔಷಧಿ ಶುರು ಮಾಡುವುದೋ ಕಾಯುವುದೋ ಎಂಬ ಗೊಂದಲ ಇದೆ ಅನ್ನುವವರಿಗೆ ನನ್ನ ಮಾತು: ಮಾರ್ಕರ್ ಕಾಯುತ್ತಾ ಔಷಧಿ ತಡಮಾಡಬೇಡಿ. ಫೈಬ್ರೋಸಿಸ್‌ನ ಓಟ ತಗ್ಗಿಸುವ ಪಿರ್ಫೆನಿಡೋನ್, ನಿಂಟೆಡನಿಬ್ ಎರಡಕ್ಕೂ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಿಂಟೆಡನಿಬ್‌ನ ಒಂದು ಪ್ರಯೋಗದಲ್ಲಿ ವರ್ಷಕ್ಕೆ ಸುಮಾರು 240 ಮಿಲಿಲೀಟರ್ ಇಳಿಯುತ್ತಿದ್ದ ಎಫ್‌ವಿಸಿ ಸುಮಾರು 115ಕ್ಕೆ ನಿಂತಿತು. ಇವು ಕಳೆದುಹೋದದ್ದನ್ನು ಮರಳಿ ತರುವುದಿಲ್ಲ, ಇರುವುದನ್ನು ಉಳಿಸಿಕೊಡುತ್ತವೆ. ಗ್ಯಾಪ್ ಅಂಕ ಹಾಕಿಸಿ, ಹಳೆಯ ಸಿಬಿಸಿ ತೋರಿಸಿ. ಸದ್ಯಕ್ಕೆ ಅಷ್ಟು ಸಾಕು.

ರೋಗ ತಿಳಿದು ವರ್ಷವಾಗಿದೆ, ಉಸಿರಿನ ಅಳತೆ ಗೆರೆಯ ಮೇಲೆ ನಿಂತಿದೆ, ಇಳಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ ಅನ್ನುವವರಿಗೆ ಸಿಎ-125 ಅಥವಾ ಕೆಎಲ್-6 ಎರಡರಲ್ಲಿ ಒಂದು. ನಿಮ್ಮ ಲ್ಯಾಬ್‌ನಲ್ಲಿ ಯಾವುದು ಸದಾ ಸಿಗುತ್ತದೋ ಅದು. ಎರಡೂ ಬೇಡ. ಕೆಮ್ಮಿನಿಂದಾಗಿ ಊದುವ ಪರೀಕ್ಷೆ ಸರಿಯಾಗಿ ಮಾಡಲಾಗದವರಿಗೂ ಇದೇ ದಾರಿ. ಆದರೆ ರಕ್ತದ ಸಂಖ್ಯೆ ಚೆನ್ನಾಗಿದ್ದು ಎಫ್‌ವಿಸಿ ಆರು ತಿಂಗಳಲ್ಲಿ 10% ಇಳಿದಿದ್ದರೆ ಎಫ್‌ವಿಸಿಯನ್ನೇ ನಂಬಿ.

ಕುಟುಂಬದಲ್ಲಿ ಕಾಯಿಲೆ ಇದ್ದವರು, ಕಸಿಯ ಯೋಚನೆಯಲ್ಲಿರುವವರು, ಸ್ಟೀರಾಯ್ಡ್ ಜೊತೆ ಬೇರೆ ರೋಗನಿರೋಧಕ ತಗ್ಗಿಸುವ ಔಷಧಿ ಬರೆಸಿಕೊಂಡವರು ಬೇರೆಲ್ಲ ಬಿಟ್ಟು ಆ ದುಡ್ಡನ್ನು ಟೆಲೊಮಿಯರ್‌ಗೆ ಇಡುವುದು ಮೇಲು.

ಏಕಾಏಕಿ ಉಸಿರಾಟ ಕೆಟ್ಟಿದ್ದರೆ ಮಾರ್ಕರ್‌ನ ಮಾತೇ ಬೇಡ. ಮೊದಲು ಆಸ್ಪತ್ರೆ. ಚರ್ಮ ಮತ್ತು ಸ್ನಾಯುಗಳ ಕಾಯಿಲೆ ಡರ್ಮಟೋಮಯೋಸೈಟಿಸ್‌ನಲ್ಲಿ ಎಂಡಿಎ5 ಎಂಬ ಆ್ಯಂಟಿಬಾಡಿ ಇರುವವರಂತೂ ವಾರಗಳಲ್ಲೇ ಬಿಗಡಾಯಿಸಬಹುದು. ಅಲ್ಲಿ ಫೆರಿಟಿನ್ ಎಂಬ, ಕಬ್ಬಿಣವನ್ನು ಕೂಡಿಡುವ ಪ್ರೋಟೀನ್ ಏರಿರುವುದು ಅಪಾಯದ ಗಂಟೆ.

ಯಾವುದನ್ನೇ ಆರಿಸಿದರೂ ಒಂದು ನೋಟ್‌ಬುಕ್ ಇಡಿ. ಪ್ರತಿ ಸಂಖ್ಯೆಯ ಪಕ್ಕ ತಾರೀಕು, ಲ್ಯಾಬ್‌ನ ಹೆಸರು, ಆ ವಾರ ಜ್ವರ ಇತ್ತೇ, ಯಾವ ಮಾತ್ರೆ ನಡೆಯುತ್ತಿತ್ತು, ಮೆಟ್ಟಿಲು ಹತ್ತುವಾಗ ಎಷ್ಟನೆಯ ಮೆಟ್ಟಿಲಲ್ಲಿ ನಿಲ್ಲಬೇಕಾಯಿತು ಎಂದು ಬರೆಯಿರಿ. ಮುಂದಿನ ಸಲ ಹೋದಾಗ ಡಾಕ್ಟರ್ ಮೇಜಿನ ಮೇಲೆ ಮೊದಲು ಅದನ್ನೇ ತೆರೆದಿಡಿ.